ಅಕ್ಕನ ಹುಳುಮನೆಗೆ ಅಡ್ಮಿಷನ್

ಗೊತ್ತಿರುವವರು ಗೊತ್ತಿಲ್ಲದವರನ್ನು ಕಂಗಾಲು ಮಾಡುವ ಪ್ರಸಂಗ ದಿನಕ್ಕೊಂದಾದರೂ ಎಲ್ಲೋ ಒಂದು ಕಡೆ ನಡೆಯುತ್ತಲೇ ಇರುತ್ತದೆ. ಮೂವತ್ತೊಂದು ವರ್ಷ ನಾನು ಗೊತ್ತಿರುವವರ ಕಡೆ ನಿಂತಿದ್ದೆ. ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವುದು ನನ್ನ ಕೆಲಸ. ‘ಪ್ರಮಾಣ ವಿಚಲನೆ ಅಂದ್ರೇನು ಮೇಡಂ?’ ಎಂದು ಯಾರಾದರೂ ಕೇಳಿದರೆ, ‘ಸರಾಸರಿಯಿಂದ ಆಗುವ ವಿಚಲನೆಯ ಪ್ರಮಾಣ’ ಎಂದು ಹೇಳಿ ಬೋರ್ಡಿನ ಕಡೆ ತಿರುಗುತ್ತಿದ್ದೆ. ತಿರುಗಿದ ಮೇಲೆ ಯಾರೂ ಕೇಳುತ್ತಿರಲಿಲ್ಲ. ಅರ್ಥವಾಯಿತು ಎಂದುಕೊಳ್ಳುತ್ತಿದ್ದೆ.

ನಿವೃತ್ತಿಯಾದ ಎರಡನೇ ವರ್ಷ ನಾನು ನಿಲ್ಲುವ ಕಡೆ ಬದಲಾಯಿತು.

ನನ್ನ ಅಕ್ಕ ಸಂತೆಮರಹಳ್ಳಿ ಪಕ್ಕದ ಊರಿನಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಅವಳ ಬಾಯಲ್ಲಿ ಅದು ಬರೀ ‘ಉಳ’. ನನಗಿಂತ ಒಂಬತ್ತು ವರ್ಷ ದೊಡ್ಡವಳು, ಓದಿದ್ದು ಮೂರನೇ ಕ್ಲಾಸು. ಅವಳ ಹುಳು ಒಮ್ಮೆಯೂ ಕೆಟ್ಟಿಲ್ಲ ಎಂಬುದು ಸುತ್ತಲ ನಾಲ್ಕೂರಿಗೆ ಗೊತ್ತು. ನಾನು ಎಂ.ಎಸ್‌ಸಿ. ಮಾಡಿದ್ದೇನೆ ಎಂಬುದು ಆ ನಾಲ್ಕೂರಿಗೆ ಇನ್ನೂ ತಲುಪಿಲ್ಲ. ಅವ್ವ ಹೋದ ಮೇಲೆ ನನ್ನನ್ನು ಸಾಕಿದ್ದೂ ಅಕ್ಕನೇ, ಹುಳುವಿನ ಜೊತೆಗೆ. ಹತ್ತು ವರ್ಷಕ್ಕೇ ಚಾಮರಾಜನಗರದ ಹಾಸ್ಟೆಲ್‌ಗೆ ಸೇರಿಸಿದಳು. ರಜೆಗೆ ಬಂದವಳು ಹುಳುಮನೆಯ ಬಾಗಿಲ ಹತ್ತಿರ ಸುಳಿದರೆ, ‘ಓದೋ ಐಕ್ಳಿಗೆ ಇಲ್ಲೇನ್ ಕೆಲ್ಸ? ಓಗು, ಪುಸ್ತಕ ಇಡ್ಕೊ’ ಎಂದು ಅಟ್ಟುತ್ತಿದ್ದಳು. ಐವತ್ತು ವರ್ಷ ನಾನು ಆ ಹೊಸ್ತಿಲು ದಾಟಿರಲಿಲ್ಲ.

ಈ ವರ್ಷ ಅಕ್ಕನಿಗೆ ಕಣ್ಣಿನ ಪೊರೆ ತೆಗೆಸಿದೆವು. ಚಾಮರಾಜನಗರದ ಡಾಕ್ಟರು ಒಂದು ತಿಂಗಳು ಬಗ್ಗಕೂಡದು, ದೂಳು ಸೋಕಕೂಡದು ಎಂದರು. ಮನೆಯಲ್ಲಿ ಆಗಲೇ ಅರ್ಧ ಬೆಳೆದ ಹುಳು. ಅಕ್ಕನ ಮಗ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಗಾಡಿ ಓಡಿಸುತ್ತಾನೆ. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅವನು ಜಗುಲಿಯ ಮೇಲೆ ನಿಂತು ತೀರ್ಪು ಕೊಟ್ಟ: ‘ನಿಂಗೂ ವಯಸ್ಸಾಯ್ತು ಕಣವ್ವ. ಈ ಸಲ ಬೆಳೆ ಕೆಟ್ರೆ ಇಲ್ಲಿಗೆ ಸಾಕು. ಸೊಪ್ಪು ಕಿತ್ತಾಕಿ ಬಾಳೆ ನೆಡನ. ಉಳದ ಮನೆ ಗೋಡೌನ್ ಆಯ್ತದೆ.’

ಅಕ್ಕ ಏನೂ ಮಾತಾಡಲಿಲ್ಲ. ಅಕ್ಕ ಮಾತಾಡದೆ ಇದ್ದದ್ದನ್ನು ನಾನು ಜೀವನದಲ್ಲಿ ಹೆಚ್ಚು ಸಲ ನೋಡಿಲ್ಲ.

‘ನಾನು ನೋಡ್ಕೋತೀನಿ’ ಎಂದೆ.

‘ಪುಸ್ತಕದ ಉಳ ಬ್ಯಾರೆ, ಸೊಪ್ಪಿನ ಉಳ ಬ್ಯಾರೆ ಚಿಕ್ಕವ್ವ’ ಎಂದ ಅವನು.

ಅಕ್ಕ ನಕ್ಕಳು. ನಕ್ಕಳಲ್ಲ, ಅಷ್ಟು ಸಾಕು ಎಂದು ಬಟ್ಟೆಬರೆ ತರಲು ಗುಂಡ್ಲುಪೇಟೆಗೆ ಹೋದೆ.

೧. ಪ್ರವೇಶ ಪರೀಕ್ಷೆ

ಮೊದಲ ದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಸೀರೆಯುಟ್ಟು ಹುಳುಮನೆಗೆ ಹೊರಟೆ. ಅಕ್ಕ ಅದರ ಬಾಗಿಲ ಪಕ್ಕದ ಜಗುಲಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಆಪರೇಷನ್ ಆದ ಕಣ್ಣಿಗೆ ಬೆಳಕು ಕೂಡದು, ಇನ್ನೊಂದು ಕಣ್ಣು ಮೊದಲೇ ಮಂಜು. ನಾನು ಇನ್ನೂ ಹತ್ತು ಹೆಜ್ಜೆ ದೂರದಲ್ಲಿದ್ದೆ.

‘ಯಾರವ್ವ ಅದು, ಮದ್ವೆಗೆ ಬಂದೋರಾ?’

‘ನಾನು ಅಕ್ಕ.’

‘ಗಮಗಮ ಅಂತಿದ್ದೀಯಲ್ಲಮ್ಮಿ. ಸೋಪು, ಪೌಡ್ರು ಎಲ್ಡೂ ಅವೆ. ಉಳಕ್ಕಾಗಲ್ಲ. ಓಗಿ ಬರೀ ನೀರಲ್ಲಿ ಮಿಂದ್ಕಂಡು ಬಾ.’

ಹೋಗಿ ಮಿಂದು ಬಂದೆ.

‘ತಲೇಗೇನಾಕಿದ್ದೀಯ?’

‘ಎಣ್ಣೆ.’

‘ವಾಸ್ನೆ ಎಣ್ಣೆ. ಓಗು.’

ಸೀಗೆಪುಡಿ ಹಾಕಿ ತಲೆ ತೊಳೆದು ಮೂರನೇ ಸಲ ಬಂದೆ. ಅಕ್ಕ ಈ ಸಲ ಹತ್ತಿರ ಕರೆದು ಸೆರಗು ಮೂಸಿದಳು. ‘ರಾತ್ರಿ ಸೊಳ್ಳೆ ಬತ್ತಿ ಅಚ್ಚಿದ್ದಾ?’ ಹಚ್ಚಿದ್ದೆ. ಹುಳುಮನೆಗೂ ನಾನು ಮಲಗಿದ್ದ ಕೋಣೆಗೂ ನಡುವೆ ಒಂದು ಅಂಗಳ, ಒಂದು ನುಗ್ಗೆ ಮರ. ಆ ಹೊಗೆ ಸೀರೆಗೆ ಹತ್ತಿ ಅಲ್ಲಿಂದ ಹುಳುವಿಗೆ ಹತ್ತುತ್ತದೆ ಎಂಬುದು ಅಕ್ಕನ ವಾದ. ನನಗೆ ನಂಬಿಕೆ ಬರಲಿಲ್ಲ. ಪಕ್ಕದ ಮನೆಯಾಕೆ ಒಂದು ಸಲ ಹಾಗೇ ತನ್ನ ಮೂರು ತಟ್ಟೆ ಹುಳು ಹೋದವೆಂದು ಹೇಳಿದ ಮೇಲೆ ಬಂತು. ಕೊನೆಗೆ ಅಕ್ಕನ ಹಳೇ ನೂಲಿನ ಸೀರೆ ಉಟ್ಟು, ಹೊಸ್ತಿಲ ಸುಣ್ಣ ತುಳಿದು, ಬ್ಲೀಚಿಂಗ್ ನೀರಿನಲ್ಲಿ ಕೈಯದ್ದಿ ನಿಂತೆ.

‘ಈಗ ಸರಿ’ ಎಂದಳು ಅಕ್ಕ. ‘ಈಗ ನಿಂಗೆ ಯಾವ ವಾಸ್ನೇನೂ ಇಲ್ಲ.’

ಕಾಲೇಜಿನಲ್ಲಿ ನಾನು ಎಷ್ಟೋ ವರ್ಷ ಅಡ್ಮಿಷನ್ ಕಮಿಟಿಯಲ್ಲಿದ್ದೆ. ತುಂಬ ಕಟ್ಟುನಿಟ್ಟು ಎಂದು ಹೆಸರಾಗಿತ್ತು. ಆದರೂ ಒಬ್ಬ ಅಭ್ಯರ್ಥಿಯನ್ನೂ ಮೂಸಿ ನೋಡಿ ವಾಪಸು ಕಳುಹಿಸಿರಲಿಲ್ಲ.

೨. ಹದ

ಒಳಗೆ ಮೂರು ಅಂತಸ್ತಿನ ಉದ್ದನೆಯ ಸ್ಟ್ಯಾಂಡುಗಳು. ಅದರ ಮೇಲೆ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ಹುಳು. ಕೆಲಸ ಸುಲಭ: ದಿನಕ್ಕೆ ಮೂರು ಹೊತ್ತು ಕಡ್ಡಿ ಸಮೇತ ಸೊಪ್ಪು ಹಾಸಬೇಕು. ಪಕ್ಕದ ಮನೆಯಾಕೆ ತೋಟದಿಂದ ಕೊಯ್ದು ತಂದು ಬಾಗಿಲಲ್ಲಿ ಹಾಕಿ ಹೋಗುತ್ತಿದ್ದಳು. ಅವಳ ಮನೆಯಲ್ಲೂ ಹುಳು ಇತ್ತು; ನಿಂತು ಹೇಳಿಕೊಡಲು ಪುರುಸೊತ್ತಿರಲಿಲ್ಲ. ಹೇಳಿಕೊಡುವ ಕೆಲಸ ಅಕ್ಕನದು, ಜಗುಲಿಯ ಮೇಲಿಂದ.

‘ಅದವಾಗಿ ಆಕು.’

ನಾನು ನೋಟ್‌ಬುಕ್ ತೆಗೆದೆ. ‘ಹದ ಅಂದ್ರೆ ಎಷ್ಟು ಕೆ.ಜಿ. ಅಕ್ಕ?’

‘ಕೆ.ಜಿ. ಲೆಕ್ಕ ಎಲ್ಲದೆ? ಎಚ್ಚಾಗ್ಬಾರ್ದು, ಕಮ್ಮಿ ಆಗ್ಬಾರ್ದು.’

‘ಹೆಚ್ಚು ಅಂತ ಹೇಗೆ ಗೊತ್ತಾಗುತ್ತೆ?’

‘ಅದ ಮೀರಿದ್ರೆ ಎಚ್ಚು.’

‘ಕಮ್ಮಿ?’

‘ಅದುಕ್ಕೆ ಬರ್ಲಿಲ್ಲ ಅಂದ್ರೆ ಕಮ್ಮಿ. ಬರ್ಕಂಡ್ಯಾ?’

ಬರೆದುಕೊಂಡೆ. ಬರೆದದ್ದನ್ನು ಓದಿದಾಗ ಎಲ್ಲೋ ಕೇಳಿದ ಹಾಗಿತ್ತು. ಹದವೆಂದರೆ ಹದ, ವಿಚಲನೆಯೆಂದರೆ ವಿಚಲನೆ. ಅಕ್ಕನಿಗೆ ಬೋರ್ಡು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಎರಡು ದಿನ ಅಂದಾಜಿನಲ್ಲಿ ಹಾಸಿದೆ. ಮೂರನೇ ದಿನ ಪಕ್ಕದ ಮನೆಯಾಕೆ ಒಳಗೆ ಇಣುಕಿ, ‘ಅಯ್ಯೋ ಮೇಡಮ್ಮೋರೆ, ಉಳ ಸೊಪ್ಪೊಳಗೆ ಊತೋಗವೆ’ ಎಂದು ಓಡಿ ಬಂದಳು. ಸೊಪ್ಪನ್ನು ಸರಿಸಿ ತೋರಿಸಿದಳು. ‘ಆಕಿ ಒಂದ್ ಗಳ್ಗೆ ಬುಟ್ಟು ನೋಡಿ. ಮೇಲೆ ಬರೀ ಸೊಪ್ಪೇ ಕಂಡ್ರೆ ಎಚ್ಚು. ಬರೀ ಉಳವೇ ಕಂಡ್ರೆ ಕಮ್ಮಿ. ಎಲ್ಡೂ ಕಾಣ್ಬೇಕು, ಸೀರೆ ಮೇಲೆ ಊವಿದ್ದಂಗೆ.’

ನಾಲ್ಕೇ ವಾಕ್ಯ. ಪೂರ್ತಿ ಅರ್ಥವಾಯಿತು. ‘ನೀನು ಹುಳ ಸಾಕೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತಮ್ಮ?’ ಎಂದು ಕೇಳಿದೆ. ಎರಡು ವರ್ಷವಂತೆ. ಗೊತ್ತಿಲ್ಲದೆ ಇದ್ದದ್ದು ಹೇಗಿತ್ತು ಎನ್ನುವುದು ಅವಳಿಗೆ ಇನ್ನೂ ಮರೆತಿಲ್ಲ. ಅಕ್ಕ ಅದನ್ನು ಮರೆತು ಅರ್ಧ ಶತಮಾನವಾಯಿತು.

ಹೊರಗೆ ಬಂದು ಅಕ್ಕನಿಗೆ ಹೇಳಿದೆ: ‘ಇದನ್ನ ನೀನೇ ಹೇಳಬಹುದಿತ್ತಲ್ಲ?’

ಅಕ್ಕ ನಿಜವಾಗಿಯೂ ಆಶ್ಚರ್ಯಪಟ್ಟಳು. ‘ಇದ್ನೂ ಯೋಳ್ಬೇಕಾ? ಇದು ಗೊತ್ತಿಲ್ದೋರೂ ಅವ್ರಾ?’

ಪ್ರಮಾಣ ವಿಚಲನೆಯ ಬಗ್ಗೆ ಇದೇ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ, ಬಿಸ್ಕತ್ತು ತಿನ್ನುತ್ತಾ, ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಾನು ಸಂಖ್ಯಾಶಾಸ್ತ್ರದವಳು, ಲೆಕ್ಕ ಇಡಬೇಕಿತ್ತು.

೩. ತಲೆ ಎತ್ತಿ ಕೂತವರು

ಐದನೇ ದಿನ ಪಕ್ಕದ ಮನೆಯಾಕೆ ಬಾಗಿಲಲ್ಲಿ ಸೊಪ್ಪು ತಂದುಹಾಕದೆ, ‘ಇವತ್ತು ಜ್ವರಕ್ಕೆ ಕೂತ್ಕತ್ತವೆ ಮೇಡಮ್ಮೋರೆ’ ಎಂದು ಹೇಳಿ ನಡೆದಳು. ನಾನು ತಲೆಯಾಡಿಸಿದೆ. ಜ್ವರ ಎಂಬ ಮಾತು ನಾನು ಬಂದಾಗಿನಿಂದ ಕೇಳುತ್ತಿದ್ದೆ. ಮೂರು ಜ್ವರ ಆಗಿದೆ, ಇನ್ನೊಂದಿದೆ ಎನ್ನುತ್ತಿದ್ದರು. ಏನದು ಎಂದು ಕೇಳಿದರೆ ನನಗೆ ಗೊತ್ತಿಲ್ಲ ಎನ್ನುವುದು ಗೊತ್ತಾಗುತ್ತದಲ್ಲ ಎಂದು ಕೇಳಿರಲಿಲ್ಲ. ಮೂವತ್ತೊಂದು ವರ್ಷ ನನ್ನ ಎದುರು ಕೂತವರೆಲ್ಲ ಯಾಕೆ ತಲೆಯಾಡಿಸುತ್ತಿದ್ದರು ಎಂಬುದು ಆಗ ತಿಳಿಯಿತು.

ಒಳಗೆ ಹೋದೆ. ನಿಶ್ಶಬ್ದ. ಯಾವ ಹುಳುವೂ ತಿನ್ನುತ್ತಿಲ್ಲ. ಎಲ್ಲವೂ ತಲೆ ಮೇಲಕ್ಕೆತ್ತಿ, ಕಡ್ಡಿಯ ಹಾಗೆ ಸೆಟೆದು ನಿಂತಿವೆ. ಒಂದನ್ನು ಬೆರಳಿನಿಂದ ಮುಟ್ಟಿದೆ. ಅಲುಗಲಿಲ್ಲ. ನಾನು ಗಾಬರಿಯಾದರೂ ಕ್ರಮ ಬಿಡುವವಳಲ್ಲ. ಮೂರು ಅಂತಸ್ತಿನಲ್ಲೂ ಬೇರೆ ಬೇರೆ ಜಾಗ ಆರಿಸಿ ಮಾದರಿ ತೆಗೆದು ಪರೀಕ್ಷಿಸಿದೆ. ಎಲ್ಲ ಮಾದರಿಯಲ್ಲೂ ಒಂದೇ ಫಲಿತಾಂಶ. ಸಂಖ್ಯಾಶಾಸ್ತ್ರದಲ್ಲಿ ಇಷ್ಟು ಖಚಿತವಾದ ಫಲಿತಾಂಶ ಸಿಗುವುದು ಅಪರೂಪ.

ರೇಷ್ಮೆ ಇಲಾಖೆಯ ಸಾಹೇಬರಿಗೆ ಫೋನು ಮಾಡಿ, ‘ಎಲ್ಲ ಹೋದವು, ಬೇಗ ಬನ್ನಿ’ ಎಂದೆ. ಆಮೇಲೆ ನೆಲದ ಮೇಲೆ ಕೂತೆ. ಅಳಲಿಲ್ಲ. ಕನ್ನಡಕ ಒರೆಸಿಕೊಂಡೆ. ಇನ್ನೊಂದು ಸಲ ಒರೆಸಿಕೊಂಡೆ. ಹೊರಗೆ ಕೂತಿರುವವಳಿಗೆ ಹೇಳಬೇಕಲ್ಲ. ಐವತ್ತು ವರ್ಷ ಕೆಡದ ಹುಳು ನನ್ನ ಕೈಯಲ್ಲಿ ಐದು ದಿನಕ್ಕೆ ಕೆಟ್ಟಿತು, ಬಾಳೆ ನೆಡಿಸು ಎಂದು ಹೇಳಬೇಕಲ್ಲ.

ಹೊರಗೆ ಬಂದು ಅವಳ ಕೈ ಹಿಡಿದುಕೊಂಡೆ. ‘ಅಕ್ಕ, ಎಲ್ಲ ಹೋದವು.’

ಅಕ್ಕನ ಕೈ ಒಂದು ಕ್ಷಣ ಬಿಗಿಯಾಯಿತು. ಆಮೇಲೆ ಕೇಳಿದಳು: ‘ತಲೆ ಎತ್ಕಂಡವಾ, ಇಳ್ಸವಾ?’

‘ಎತ್ತಿವೆ.’

‘ಎಲ್ಲವೂ?’

‘ಎಲ್ಲವೂ.’

ಅಕ್ಕನ ಕೈ ಸಡಿಲವಾಯಿತು. ಹುಳು ಚರ್ಮ ಬಿಡುವ ಮುಂಚೆ ಒಂದೂವರೆ ದಿನ ತಿನ್ನದೆ ಮಲಗುತ್ತದೆ. ಅದಕ್ಕೇ ಜ್ವರ ಅನ್ನುವುದು. ಆಗ ಸೊಪ್ಪು ಹಾಕದೆ, ಸುಣ್ಣದ ಪುಡಿ ಉದುರಿಸಿ, ಸುಮ್ಮನೆ ಬಾಗಿಲು ಮುಚ್ಚಿ ಬರಬೇಕು. ಇಷ್ಟನ್ನೂ ಸಮಾಧಾನವಾಗಿ ಹೇಳಿದಳು. ಕೊನೆಗೆ ನನ್ನ ಕೈ ತಟ್ಟಿದಳು.

‘ಸತ್ತೋದ್ರೆ ತಲೆ ನೇತಾಕ್ತವೆ ಕಣಮ್ಮಿ. ತಲೆ ಎತ್ಕಂಡು ಅಳ್ಳಾಡ್ದೆ ಕೂತಿದ್ರೆ ನಿದ್ದೆ. ಇಷ್ಟು ವರ್ಸ ಪಾಠ ಮಾಡಿದ್ದೀಯ, ಇದ್ನ ನೋಡೇ ಇಲ್ವಾ?’

೪. ದುಭಾಷಿ

ಫೋನಿಗೆ ಗಾಬರಿಯಾಗಿ ಸಾಹೇಬರು ಮಾರನೇ ದಿನವೇ ಬಂದರು. ಸಾಹೇಬರೆಂದರೆ ಇಪ್ಪತ್ತೇಳು ವರ್ಷದ ತರುಣ. ವಿನಯವಂತ. ಚಪ್ಪಲಿ ಬಿಟ್ಟು, ಕೈ ತೊಳೆದು, ಅಕ್ಕನಿಂದ ಮೂಸಿಸಿಕೊಂಡು ಒಳಗೆ ಹೋದ. ನೋಡಿ ಬಂದು ಜಗುಲಿಯ ಮೇಲೆ ಕೂತ.

‘ಹುಳುಗಳು ಆರೋಗ್ಯವಾಗಿವೆ. ನಿರ್ಮೋಚನ ಪೂರ್ಣಗೊಂಡು ಏಕರೂಪತೆ ಖಚಿತವಾದ ನಂತರವೇ ಪ್ರಥಮ ಆಹಾರ ಒದಗಿಸಿ.’

ಅಕ್ಕ ನನ್ನ ಕಡೆ ತಿರುಗಿದಳು. ‘ಏನಂದ್ರು?’

‘ಎಲ್ಲಾ ಎದ್ದ ಮೇಲೆ ಸೊಪ್ಪು ಹಾಕಿ ಅಂತ.’

‘ಮಲ್ಗಿರೋರ ಬಾಯಿಗೆ ಯಾರಾರಾ ಅನ್ನ ಇಡ್ತಾರಾ?’

ತರುಣ ನನ್ನ ಕಡೆ ತಿರುಗಿದ. ‘ಅಮ್ಮೋರು ಏನಂದ್ರು ಮೇಡಂ?’

‘ನಿಮ್ಮ ಶಿಫಾರಸು ಅವರಿಗೆ ಸಮ್ಮತ.’

ಅಕ್ಕ ಮೂಗು ಮೇಲೆ ಮಾಡಿ ಗಾಳಿಯನ್ನು ಒಂದು ಸಲ ಎಳೆದುಕೊಂಡಳು. ‘ಪಡುವಲ ಗಾಳೀಲಿ ತೇವ ಇಲ್ಲ. ಒಳಗೆ ದಗೆ ಎದ್ದದೆ. ಆ ಕಡೆ ಕಿಟ್ಕಿಗೆ ಗೋಣಿ ನೆನ್ಸಿ ಇಳೇಬುಡ್ಬೇಕು, ಇಲ್ದಿದ್ರೆ ಎದ್ದ ಉಳ ಬಾಡ್ತವೆ.’

ತರುಣ ಮತ್ತೆ ನನ್ನ ಮುಖ ನೋಡಿದ. ನನಗೆ ಅಷ್ಟೊತ್ತಿಗೆ ಕೆಲಸದ ರುಚಿ ಹತ್ತಿತ್ತು. ‘ಸಾಪೇಕ್ಷ ಆರ್ದ್ರತೆ ತಗ್ಗಿದೆ. ಪಶ್ಚಿಮದ ಕಿಂಡಿಯಲ್ಲಿ ಬಾಷ್ಪೀಕರಣದ ಮೂಲಕ ತಾಪಮಾನ ನಿಯಂತ್ರಿಸಬೇಕು ಅಂತಿದ್ದಾರೆ.’

ಅವನು ಚೀಲದಿಂದ ಆರ್ದ್ರತೆ ಅಳೆಯುವ ಮೀಟರು ತೆಗೆದು ಒಳಗೆ ಹೋಗಿ ಬಂದ. ಮುಖ ಬದಲಾಗಿತ್ತು. ಮೀಟರೂ ಅದನ್ನೇ ಹೇಳಿತ್ತು. ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ, ತುಂಬ ಗೌರವದಿಂದ ಕೇಳಿದ:

‘ಅಮ್ಮೋರು ಎಲ್ಲೀವರೆಗೆ ಓದಿದ್ದಾರೆ?’

ಇದಕ್ಕೆ ದುಭಾಷಿ ಬೇಕಾಗಲಿಲ್ಲ. ಅಕ್ಕನೇ ಉತ್ತರ ಕೊಟ್ಟಳು. ‘ನಂದು ಮೂರ್ನೇ ಕ್ಲಾಸು ಕಣಪ್ಪ. ಓದಿರೋಳು ಇವ್ಳು. ಅದುಕ್ಕೇ ಈಗ ಕಲೀತಾವ್ಳೆ.’

೫. ಹಾಜರಿ

ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಹಸಿವು ಎಂದರೆ ಹಸಿವು. ವಾರವಿಡೀ ತಿನ್ನುತ್ತವೆ. ಸಾವಿರಾರು ಬಾಯಿ ಒಟ್ಟಿಗೆ ಸೊಪ್ಪು ಕಡಿಯುವಾಗ ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ ಕೇಳುತ್ತದೆ. ಅಕ್ಕ ಜಗುಲಿಯ ಮೇಲೆ ಗೋಡೆಗೊರಗಿ ಅದನ್ನೇ ಕೇಳುತ್ತಾ ಕೂತಿರುತ್ತಿದ್ದಳು. ರೇಡಿಯೋ ಹಾಕಲಾ ಎಂದರೆ ‘ಸುಮ್ಕಿರು’ ಎನ್ನುತ್ತಿದ್ದಳು.

ಸೊಪ್ಪಿನ ಹೊರೆ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯಿತು. ಒಂದು ಮಧ್ಯಾಹ್ನ ಮೇಲಿನ ಎರಡು ಅಂತಸ್ತಿಗೆ ಹಾಸಿದೆ. ಮೂಲೆಯ ಸ್ಟ್ಯಾಂಡಿನ ಕೆಳಗಿನ ಅಂತಸ್ತಿಗೆ ಮೊಣಕಾಲೂರಿ ತೆವಳಬೇಕು. ಸಂಜೆ ಸ್ವಲ್ಪ ಜಾಸ್ತಿ ಹಾಕಿದರಾಯಿತು, ಯಾರು ನೋಡುತ್ತಾರೆ ಎಂದು ಹೊರಗೆ ಬಂದು ಕೈ ತೊಳೆದೆ. ನೋಡುವವಳೊಬ್ಬಳಿಗೆ ಕಣ್ಣೂ ಇಲ್ಲವಲ್ಲ ಎಂಬ ಯೋಚನೆ ಬಂದದ್ದು ನಿಜ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

‘ಎಲ್ಲಾಕೂ ಆಕ್ದಾ?’ ಎಂದಳು ಅಕ್ಕ.

‘ಹಾಕ್ದೆ.’

ಅಕ್ಕ ಸ್ವಲ್ಪ ಹೊತ್ತು ಗೋಡೆಗೆ ಕಿವಿಗೊಟ್ಟಳು. ‘ಮೂಡ್ಲ ಮೂಲೆ ಕೆಳಗಿನವು ಮಾತಾಡ್ತಿಲ್ಲ.’

‘ಹಾಕಿದ್ದೀನಿ ಅಕ್ಕ.’

‘ಆಕಿದ್ರೆ ಮಾತಾಡವು.’

ನಾನು ಎದ್ದು ಹೋಗಿ, ಮೊಣಕಾಲೂರಿ, ತೆವಳಿ, ಹಾಸಿ ಬಂದೆ. ಕೂದಲ ತುಂಬ ಕಡ್ಡಿ. ಅಕ್ಕ ಆಮೇಲೆ ಆ ವಿಷಯ ಎತ್ತಲಿಲ್ಲ. ಗೋಡೆಗೆ ಒರಗಿ, ‘ಊಂ, ಈಗ ಬಂದ್ರು’ ಎಂದು ಮಾತ್ರ ಅಂದಳು.

ನನ್ನ ಕ್ಲಾಸಿನಲ್ಲಿ ಒಬ್ಬರ ಹಾಜರಿ ಇನ್ನೊಬ್ಬರು ಕೂಗಿದರೆ ತಲೆ ಎತ್ತದೆ ಹಿಡಿಯುತ್ತಿದ್ದೆ. ಇಡೀ ಕಾಲೇಜಿಗೆ ಅದೊಂದು ದಂತಕಥೆ. ಕಪ್ಪು ಕನ್ನಡಕ ಹಾಕಿದ ಹೆಂಗಸೊಬ್ಬಳು ಗೋಡೆಯಾಚೆಯಿಂದ ಹುಳುಗಳ ಹಾಜರಿ ತೆಗೆದುಕೊಂಡದ್ದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ.

೬. ಕನ್ನಡಕದ ಡಬ್ಬಿ

ತಿಂದು ಮುಗಿದ ಹುಳು ಹಣ್ಣಾಗುತ್ತದೆ. ಹಣ್ಣಾದದ್ದನ್ನು ಗುರುತಿಸಿ, ಆಯ್ದು, ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ಚಾಪೆ. ಅದರ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಕಟ್ಟಿರುತ್ತಾರೆ. ಹುಳು ಆ ಸಂದಿಗಳಲ್ಲಿ ಕೂತು ಗೂಡು ಕಟ್ಟುತ್ತದೆ. ಇದಕ್ಕೆ ಇರುವುದು ಒಂದೇ ದಿನ. ತಡವಾದರೆ ಹುಳು ಸಿಕ್ಕಸಿಕ್ಕಲ್ಲಿ ನೂಲು ಚೆಲ್ಲಿ ಹಾಳುಮಾಡುತ್ತದೆ.

ಬೆಳಿಗ್ಗೆ ಒಂಬತ್ತಕ್ಕೆ ಬೀದಿಯ ಹೆಂಗಸರೆಲ್ಲ ಕರೆಯದೆಯೇ ಬಂದರು. ಇಲ್ಲಿ ಅದೇ ರೂಢಿ. ನಿಮ್ಮ ಹುಳು ಹಣ್ಣಾದ ದಿನ ನಾನು, ನನ್ನ ಹುಳು ಹಣ್ಣಾದ ದಿನ ನೀವು. ಯಾರೂ ಪೌಡರು ಹಾಕಿರಲಿಲ್ಲ, ಹೂ ಮುಡಿದಿರಲಿಲ್ಲ. ಹನ್ನೆರಡು ಹೆಂಗಸರು ಯಾವ ವಾಸನೆಯೂ ಇಲ್ಲದೆ ಒಳಗೆ ಹೋದರು.

ಹಣ್ಣಾದ ಹುಳು ಬೆಳಕಿಗೆ ಹಿಡಿದರೆ ದ್ರಾಕ್ಷಿಯ ಹಾಗೆ ಒಳಗೆಲ್ಲ ಕಾಣುತ್ತದಂತೆ. ನನಗೆ ಎಲ್ಲ ಹುಳುವೂ ಒಂದೇ ಥರ ಕಂಡವು. ಓದುವ ಕನ್ನಡಕ ತೆಗೆದು ಹಾಕಿಕೊಂಡೆ. ಡಬ್ಬಿಯನ್ನು ಬಾಯಿ ತೆರೆದ ಹಾಗೇ ಸ್ಟ್ಯಾಂಡಿನ ಮೇಲಿಟ್ಟೆ. ಅದರ ಮೇಲೂ ನಾನು ಆಯ್ದ ಹುಳುವನ್ನೆಲ್ಲ ಪಕ್ಕದ ಮನೆಯಾಕೆ ಮತ್ತೆ ಆಯ್ದಳು. ‘ಇದು ಅಣ್ಣು. ಇದು ಕಾಯಿ. ಇದೂ ಕಾಯಿ. ಮೇಡಮ್ಮೋರೆ, ನೀವು ಅನ್ಮಾನ ಇರೋವ್ನ ಅಕ್ಕಂತಾವ ತಕ್ಕೊಂಡೋಗಿ.’

ಅನುಮಾನ ಇದ್ದವನ್ನು ಅಂಗೈಯಲ್ಲಿ ಇಟ್ಟುಕೊಂಡು ಜಗುಲಿಗೆ ಹೋದೆ. ಅಕ್ಕ ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡೇ, ಒಂದೊಂದನ್ನೂ ಬೆರಳ ತುದಿಯಲ್ಲಿ ಸವರಿದಳು. ‘ಇದು ಅಣ್ಣು. ಇದುಕ್ಕಿನ್ನೂ ಒಂದೊತ್ತು ಊಟ ಬೇಕು. ಇದು ಅಣ್ಣು.’ ಸಂಜೆಯವರೆಗೆ ನಾನು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡಿದೆ. ಅರವತ್ತೆರಡನೇ ವಯಸ್ಸಿನಲ್ಲಿ ಉತ್ತರಪತ್ರಿಕೆ ತಿದ್ದಿಸಿಕೊಳ್ಳುವುದು ಬೇರೆಯೇ ಅನುಭವ. ಕತ್ತಲಾಗುವ ಮೊದಲು ಕೊನೆಯ ಚಂದ್ರಿಕೆಯೂ ತುಂಬಿತು. ಕನ್ನಡಕವನ್ನು ಡಬ್ಬಿಗೆ ತುರುಕಿ ಕೈಚೀಲಕ್ಕೆ ಎಸೆದೆ.

ಆಮೇಲೆ ಮೂರು ದಿನ ಮಲಗಿದೆ. ತಿಂದೆ, ಮಲಗಿದೆ. ಒಂದಕ್ಷರ ಓದಲಿಲ್ಲ. ‘ಜ್ವರಕ್ಕೆ ಕೂತವ್ಳೆ, ಎಬ್ಬುಸ್ಬ್ಯಾಡಿ’ ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳಂತೆ.

ನಾಲ್ಕನೇ ದಿನ ನನಗೆ ಗುಂಡ್ಲುಪೇಟೆಯಲ್ಲಿ ಒಂದು ಕಾರ್ಯಕ್ರಮವಿತ್ತು. ನಾನು ನಿವೃತ್ತಳಾದ ಕಾಲೇಜಿನಲ್ಲಿ ಹೊಸ ಅಧ್ಯಾಪಕರಿಗೆ ಉಪನ್ಯಾಸ. ವಿಷಯ ‘ಕಠಿಣ ಪರಿಕಲ್ಪನೆಗಳನ್ನು ಸರಳವಾಗಿ ಬೋಧಿಸುವ ವಿಧಾನ’. ಹದಿನಾಲ್ಕು ಪುಟ ಬರೆದಿಟ್ಟು ಒಂದು ತಿಂಗಳಾಗಿತ್ತು. ಮೊದಲನೇ ವಾಕ್ಯದಲ್ಲೇ ‘ಜ್ಞಾನಮೀಮಾಂಸಾತ್ಮಕ’ ಎಂಬ ಪದವಿತ್ತು. ಚಾಮರಾಜನಗರಕ್ಕೆ ಹೋಗಿ ಬಸ್ಸು ಬದಲಾಯಿಸಿ, ಸರಿಯಾದ ಹೊತ್ತಿಗೆ ವೇದಿಕೆ ಹತ್ತಿದೆ. ಹಾರ, ಶಾಲು, ಪರಿಚಯ. ಪರಿಚಯಿಸಿದವರು ನನ್ನನ್ನು ‘ಸ್ಪಷ್ಟತೆಗೆ ಇನ್ನೊಂದು ಹೆಸರು’ ಎಂದರು.

ಎದ್ದು ನಿಂತು, ಹಾಳೆ ಬಿಡಿಸಿ, ಓದುವ ಕನ್ನಡಕಕ್ಕೆ ಡಬ್ಬಿ ತೆರೆದೆ.

ಕನ್ನಡಕ ಇತ್ತು. ಎರಡು ಗಾಜಿನ ನಡುವೆ, ಮೂಗಿನ ಜಾಗದಲ್ಲಿ, ಹಳದಿ ಬಣ್ಣದ ದಪ್ಪ ಗೂಡೊಂದು ಕೂತಿತ್ತು. ಬಲಗಡೆಯ ಕಡ್ಡಿಯಿಂದ ಎಡಗಡೆಯ ಕಡ್ಡಿಗೆ, ಅಲ್ಲಿಂದ ಡಬ್ಬಿಯ ನಾಲ್ಕೂ ಮೂಲೆಗೆ ನೂಲೆಳೆದು ಭದ್ರ ಮಾಡಿತ್ತು. ಗೂಡಿಗೆ ಕೂರುವ ಮುನ್ನ ಹುಳು ಹೊಟ್ಟೆ ಖಾಲಿ ಮಾಡುತ್ತದಂತೆ. ಅದನ್ನು ಗಾಜು ಒರೆಸುವ ಬಟ್ಟೆಯ ಮೇಲೆ ಮುಗಿಸಿತ್ತು. ಕನ್ನಡಕ ಎತ್ತಲು ನೋಡಿದೆ. ಡಬ್ಬಿಯೂ ಜೊತೆಗೇ ಎದ್ದಿತು. ಮುಂದಿನ ಸಾಲಿನ ಪ್ರಿನ್ಸಿಪಾಲರು ಎದ್ದು ನಿಂತು, ‘ಮೇಡಂ, ಏನದು?’ ಎಂದರು.

‘ಕಠಿಣ ಪರಿಕಲ್ಪನೆ’ ಎಂದೆ.

ಹದಿನಾಲ್ಕು ಪುಟದಲ್ಲಿ ಒಂದು ಸಾಲೂ ಕಾಣುತ್ತಿರಲಿಲ್ಲ. ಬೇರೆ ದಾರಿಯಿಲ್ಲದೆ ಹದದ ಕತೆ ಹೇಳಿದೆ. ಜ್ವರದ ಕತೆ ಹೇಳಿದೆ. ಹಾಜರಿಯ ಕತೆಯನ್ನು ಮಾತ್ರ ಬಿಟ್ಟೆ. ಕೇಳಿದವರು ನಗುತ್ತಿದ್ದರು, ಆದರೆ ಯಾರೂ ತಲೆಯಾಡಿಸುತ್ತಿರಲಿಲ್ಲ. ಅದು ಒಳ್ಳೆಯ ಲಕ್ಷಣ ಎಂದು ನನಗೆ ಈಗ ಗೊತ್ತು. ಕೊನೆಗೆ ಒಬ್ಬ ಹೊಸ ಅಧ್ಯಾಪಕಿ ಬಂದು ಕಾಲು ಮುಟ್ಟಿದಳು. ‘ನಾನು ನಿಮ್ಮ ಸ್ಟೂಡೆಂಟು ಮೇಡಂ. ನೀವು ಹೇಳಿದ್ದು ಇವತ್ತು ಮೊದಲನೇ ಸಲ ಅರ್ಥವಾಯಿತು.’ ಸಂತೋಷದಿಂದಲೇ ಹೇಳಿದಳು, ಪಾಪ.

ಮರುದಿನ ಅಕ್ಕನ ಊರಿಗೆ ಹೋದಾಗ ಅಂಗಳದ ತುಂಬ ಚಂದ್ರಿಕೆ. ಅಕ್ಕನ ಮಗ ಬಂದಿದ್ದ. ಹೆಂಗಸರ ಜೊತೆ ಕೂತು ಗೂಡು ಬಿಡಿಸುತ್ತಿದ್ದ. ಬುಟ್ಟಿ ಬುಟ್ಟಿ ಹಳದಿ. ಒಂದೊಂದೂ ಗಟ್ಟಿ. ಪಕ್ಕದ ಮನೆಯಾಕೆ, ‘ನಿಮ್ಮ ಕೈಗುಣ ಮೇಡಮ್ಮೋರೆ’ ಎಂದಳು. ನನಗೆ ಕೈಗುಣದಲ್ಲಿ ನಂಬಿಕೆಯಿಲ್ಲ. ಆದರೂ ಇನ್ನೊಂದು ಸಲ ಹೇಳುತ್ತಾಳೇನೋ ಎಂದು ಅಲ್ಲೇ ನಿಂತೆ.

ಅಕ್ಕನ ಮಗ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಗೂಡಿಗೆ ಹೇಳುವ ಹಾಗೆ ಹೇಳಿದ: ‘ಮುಂದ್ಲ ತಿಂಗ್ಳಿಗೆ ಮರಿ ಉಳಕ್ಕೆ ಯೋಳ್ಬುಟ್ಟು ಬಂದಿವ್ನಿ ಕಣವ್ವ. ಬಾಳೆ ಆಮೇಕ್ ನೋಡನ.’

‘ಊಂ’ ಎಂದಳು ಅಕ್ಕ, ಏನೂ ಆಗದವಳ ಹಾಗೆ. ಕಪ್ಪು ಕನ್ನಡಕ ಒಳ್ಳೆಯ ವಸ್ತು. ಒಳಗೆ ಏನಾಗುತ್ತಿದೆ ಎಂದು ಹೊರಗಿನವರಿಗೆ ಕಾಣುವುದಿಲ್ಲ.

ನಾನು ಪಕ್ಕದಲ್ಲಿ ಕೂತು ಡಬ್ಬಿಯನ್ನು ಅವಳ ಮಡಿಲಿಗಿಟ್ಟೆ. ನಡೆದದ್ದನ್ನು ಹೇಳಿದೆ. ಅಂಗಳದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಕ್ಕ ನಗಲಿಲ್ಲ. ಕನ್ನಡಕದ ಕಡ್ಡಿ, ಗಾಜು, ಗೂಡು, ನೂಲು ಎಲ್ಲವನ್ನೂ ನಿಧಾನವಾಗಿ ಸವರಿ ನೋಡಿದಳು. ಗೂಡನ್ನು ಹೆಬ್ಬೆರಳಿನಿಂದ ಒತ್ತಿದಳು. ಡಬ್ಬಿ ಸಮೇತ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಿದಳು.

‘ಹೇಗಿದೆ?’ ಎಂದೆ. ನನ್ನ ಎಂ.ಎಸ್‌ಸಿ. ಫಲಿತಾಂಶಕ್ಕೂ ನಾನು ಹಾಗೆ ಕಾದಿರಲಿಲ್ಲ.

‘ಗಟ್ಟಿಯಾಗೇ ಅದೆ’ ಎಂದಳು. ಆಮೇಲೆ ನನ್ನ ಕೂದಲಲ್ಲಿ ಕೈಯಾಡಿಸಿ, ಅಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಹಿಪ್ಪುನೇರಳೆ ಕಡ್ಡಿಯ ಚೂರೊಂದನ್ನು ಹುಡುಕಿ ತೆಗೆದಳು.

‘ಅಷ್ಟೊಂದು ಚಂದ್ರಿಕೆ ಬುಟ್ಟು ಇದೊಂದು ಕನ್ನಡ್ಕ ಉಡಿಕ್ಕಂಡು ಓಯ್ತು ನೋಡು. ಇರ್ಲಿ ಬುಡಮ್ಮಿ, ಬಯ್ಬ್ಯಾಡ. ಒಂದೊಂದ್ ಮನೇಲಿ ಒಂದು ಇಂಗೆ ಉಟ್ತದೆ.’